ಸ್ಕೇಲು ಹಿಡಿದ ಮದಾಮ್ ಇನ್ಶಿರಾ
ಅಲೆಕ್ಸಾಂಡ್ರಿಯಾದ ನಮ್ಮ ಆಸ್ಪತ್ರೆಯ ಲ್ಯಾಬಿಗೆ, ಯಾವ ರೋಗಾಣು ಯಾವ ಔಷಧಿಗೆ ಸಾಯುತ್ತದೆಂದು ಹೇಳುವ ಯಂತ್ರ ಬಂದು ಆರು ವರ್ಷವಾದರೂ, ಮದಾಮ್ ಇನ್ಶಿರಾ ಕೈಯಿಂದ ಸ್ಟೀಲು ಸ್ಕೇಲು ಇಳಿದಿಲ್ಲ. ಯಂತ್ರಕ್ಕೆ ಹಾಕಿದ ಪ್ರತಿ ರೋಗಾಣುವನ್ನೂ ಅವರು ತಟ್ಟೆಯಲ್ಲೂ ಬೆಳೆಸುತ್ತಾರೆ. ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನಿಟ್ಟು, ಮರುದಿನ ಬಿಲ್ಲೆಯ ಸುತ್ತ ರೋಗಾಣು ಸತ್ತು ತಿಳಿಯಾದ ಉಂಗುರವನ್ನು ಅಳೆಯುತ್ತಾರೆ. ಕೈ ಸುಮ್ಮನಿರದೆ ಊಟದ ರೊಟ್ಟಿಯನ್ನೂ, ಮೇಜಿನ ಮೇಲಿನ ಚಹಾ ಲೋಟದ ಕಲೆಯನ್ನೂ ಅಳೆಯುವುದುಂಟು. ಡಾಕ್ಟರು ಫೋನು ಮಾಡಿದರೆ, "ಮಿಷನ್ನು ಹೂಂ ಅನ್ನತ್ತೆ, ತಟ್ಟೆ ಊಹೂಂ ಅನ್ನತ್ತೆ, ನಾನೇನು ಹೇಳ್ಲಿ ಡಾಕ್ಟ್ರೇ? ತಡೀರಿ, ಇನ್ನೊಂದ್ಸಲ ನೋಡ್ತೀನಿ" ಎನ್ನುತ್ತಾರೆ. ಅತ್ತ ಡಾಕ್ಟರು ರೇಗಿದಷ್ಟೂ ಇತ್ತ ಇವರ ಮುಖ ಅರಳುತ್ತದೆ. ಮಿಷನ್ನು, ತಟ್ಟೆ ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಗಾಬರಿಯಾಗಿ ಮತ್ತೆ ಸ್ಕೇಲು ಎತ್ತಿಕೊಳ್ಳುತ್ತಾರೆ. ಗೊಂದಲವಿದ್ದರೆ ನೆಮ್ಮದಿ, ಇಲ್ಲದಿದ್ದರೆ ಗಾಬರಿ. ಇದ್ಯಾವ ನ್ಯಾಯವೋ ನನಗಂತೂ ತಲೆಬುಡ ತಿಳಿಯದೆ ಒಂದು ದಿನ ಕೇಳಿಯೇಬಿಟ್ಟೆ. "ಇವೆರಡು ಜಗಳ ಆಡ್ತಿದ್ರೆ ಸಾಕು, ಯಾರೋ ಬದುಕ್ಬೋದು" ಎಂದರು. "ನಮ್ಮನೆಯವರ ರಕ್ತ ಇಲ್ಲಿಗೆ ಪರೀಕ್ಷೆಗೆ ಬಂದ ದಿನ ಎರಡೂ ಒಂದೇ ಮಾತು ಹೇಳಿದ್ವು ಮಗಳೇ, ಯಾವ ಔಷಧಿಯೂ ನಾಟಲ್ಲ ಅಂತ. ಸ್ಕೇಲು ಹಿಡ್ಕೊಂಡು ಕೂತಿದ್ದೆ, ಅಳೆಯೋಕೆ ಉಂಗುರಾನೇ ಇರ್ಲಿಲ್ಲ."