ರೇಷ್ಮಾಳ ಕಾರ್ಡಿನಲ್ಲಿ ಹೋದಾನ್

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ ನಾನು ಕಲಘಟಗಿ ತಾಲ್ಲೂಕಿನ ಕಾಡಂಚಿನ ನಮ್ಮ ಊರಿನಲ್ಲಿ ಆಶಾ ಕಾರ್ಯಕರ್ತೆಯಾಗಿದ್ದೆ. ಆಶಾ ಎಂದರೆ ಮನೆಮನೆಗೆ ಹೋಗಿ ಬಸುರಿಯರ, ಬಾಣಂತಿಯರ, ಕೂಸುಗಳ ಹೆಸರು ಬರೆದುಕೊಂಡು, ಅವರನ್ನು ನರ್ಸ್‌ಬಾಯಿಯ ಹತ್ತಿರ, ಆಮೇಲೆ ಆಸ್ಪತ್ರೆಗೆ ಮುಟ್ಟಿಸುವವಳು. ಆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಪಂಚಾಯಿತಿಯವರು ಕರೆದು ಕೊಟ್ಟ ಕೆಲಸ ಅದು. ತವರೂರು ಮೊರಬದ ಶಾಲೆಯಲ್ಲಿ ಎಂಟನೇ ತರಗತಿ ಓದಿದ್ದೇ ನನ್ನ ವಿದ್ಯೆ. ಗುರುತಿಲ್ಲದ ಗಂಡಸರ ಮುಂದೆ ನನಗೆ ಮಾತು ಹೊರಡುತ್ತಿರಲಿಲ್ಲ. ತರಬೇತಿಯಲ್ಲಿ ಹೆಸರು ಕೇಳಿದರೂ ಬಾಜು ಕೂತವಳೇ ಹೇಳಬೇಕಾಗುತ್ತಿತ್ತು. ಮೊಮ್ಮಕ್ಕಳೇ, ನೀವು ದೊಡ್ಡವರಾದ ಮೇಲೆ ಓದಲೆಂದು ಬರೆಯುತ್ತಿದ್ದೇನೆ. ಇದನ್ನು ಮೊದಲೇ ಯಾಕೆ ಹೇಳುತ್ತೇನೆ ಎಂದರೆ, ನಾನು ಬರೆಯಹೊರಟ ಪ್ರಕರಣದಲ್ಲಿ ಕೆಟ್ಟದ್ದಾದದ್ದು ಬಹುಪಾಲು ಇದರಿಂದಲೇ.

ನನಗೆ ಒಪ್ಪಿಸಿದ ಮನೆಗಳಲ್ಲಿ ಸಿದ್ದಿಗಳ ಓಣಿಯೂ ಇತ್ತು. ಇಪ್ಪತ್ತಾರು ಮನೆ. ಸಿದ್ದಿಗಳ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದರಂತೆ. ಈಗ ಅವರ ಕಪ್ಪು ಮೈ, ಗುಂಗುರು ಕೂದಲು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಸುತ್ತಿನದೇ. ಒಂದೇ ಓಣಿಯಲ್ಲಿ ಹಿಂದೂ, ಮುಸಲ್ಮಾನ, ಕ್ರಿಶ್ಚಿಯನ್ ಸಿದ್ದಿಗಳು ಮೂವರೂ ಇದ್ದರು. ಬಡತನ ಮೂವರಿಗೂ ಒಂದೇ. ಕಾಡಿನ ಬದಿಯ ತುಂಡು ಭೂಮಿಗೆ ಪಟ್ಟಾ ಇಲ್ಲ, ಕಬ್ಬು ಕಡಿಯುವ ಕೂಲಿ, ಮಳೆ ನಿಂತರೆ ಗೋವಾದಲ್ಲಿ ಕಟ್ಟಡದ ಕೆಲಸ. ಪಕ್ಕದ ಜಿಲ್ಲೆಯ ಸಿದ್ದಿಗಳಿಗೆ ಸಿಕ್ಕಿದ್ದ ಪರಿಶಿಷ್ಟ ಪಂಗಡದ ಸವಲತ್ತು ನಮ್ಮ ಕಡೆಯವರಿಗೆ ಆಗ ಇನ್ನೂ ಸಿಕ್ಕಿರಲಿಲ್ಲ. ಹುಬ್ಬಳ್ಳಿಯ ಬಸ್ಸಿನಲ್ಲಿ ಅವರನ್ನು ಯಾವ ದೇಶದವರೆಂದು ಕೇಳುವವರಿದ್ದರು.

ಓಣಿಯಲ್ಲಿ ಹಾಜ್ರಾಬಿ ಹಿರಿಯಳು. ಅರವತ್ತು ದಾಟಿದ್ದಳು. ಬಸ್ಸಿನಲ್ಲಿ ಅಂಥ ಪ್ರಶ್ನೆ ಬಂದರೆ, “ತಂಬೂರ ದೇಶದಾಕಿ, ವೀಸಾ ತೋರಸ್ಲೇನು?” ಎಂದು ಕೇಳಿದವನ ಮುಖ ಇಳಿಸುತ್ತಿದ್ದಳು. ತಂಬೂರು ಅವಳ ತವರು. ಅವಳ ಮಗ ಮತ್ತು ಸೊಸೆ ರೇಷ್ಮಾ ಗೋವಾಕ್ಕೆ ದುಡಿಯಲು ಹೋಗಿದ್ದರು. ಖಾಲಿಯಿದ್ದ ಅವರ ಕೋಣೆಗೆ ಶ್ರಾವಣದ ಹೊತ್ತಿಗೆ ಸೊಮಾಲಿಯಾದ ಗಂಡಹೆಂಡತಿ ಬಾಡಿಗೆಗೆ ಬಂದರು.

ಗಂಡನ ಹೆಸರು ಅಬ್ದಿ. ಹುಬ್ಬಳ್ಳಿಯಲ್ಲಿ ಡಿಗ್ರಿ ಓದಲು ಬಂದವನು. ಓದು ಮುಗಿದು ವೀಸಾ ತೀರಿತ್ತು. ಅವನ ಊರಿನಲ್ಲಿ ಬಂದೂಕಿನ ಕಾಳಗ ನಡೆದೇ ಇತ್ತು, ಹಿಂತಿರುಗುವಂತಿರಲಿಲ್ಲ. ನಗರದಲ್ಲಿ ಮನೆಯ ಮಾಲೀಕರು ಮನೆ ಬಿಡಿಸಿದರು, ಬೇರೆ ಯಾರೂ ಬಾಡಿಗೆಗೆ ಕೊಡಲಿಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಸಿದ್ದಿಯೊಬ್ಬ ಪರಿಚಯವಾಗಿ, ನಮ್ಮ ಓಣಿಯಲ್ಲಾದರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಕರೆದು ತಂದನಂತೆ. ಹೆಂಡತಿ ಹೋದಾನ್, ಹಿಂದಿನ ವರ್ಷವಷ್ಟೇ ಬಂದು ಅವನನ್ನು ಸೇರಿಕೊಂಡವಳು. ಎತ್ತರದ, ತೆಳ್ಳಗಿನ ಹೆಣ್ಣುಮಗಳು. ಆಗ ಏಳು ತಿಂಗಳ ಬಸುರಿ.

ಆ ಮನೆಗೆ ಹೋದಾಗಲೆಲ್ಲ ಹೋದಾನ್, ಹಾಜ್ರಾಬಿ ಇಬ್ಬರನ್ನೂ ಬಾಜೂಬಾಜು ನೋಡುತ್ತಿದ್ದೆ. ಅಬ್ದಿಗೆ ಡಿಗ್ರಿಯಿತ್ತು, ಇಂಗ್ಲಿಷು ಬರುತ್ತಿತ್ತು. ಹೋದಾನಳ ಕಿವಿಯಲ್ಲಿ ಬಂಗಾರವಿತ್ತು. ಹಾಜ್ರಾಬಿಯ ಕಿವಿಯಲ್ಲಿ ಬೇವಿನ ಕಡ್ಡಿ. ಆದರೆ ರೇಶನ್ ಅಂಗಡಿಯವನು ಅಕ್ಕಿ ಕಡಿಮೆ ತೂಗಿದರೆ ಹಾಜ್ರಾಬಿ ಅವನ ತಕ್ಕಡಿಯ ಮುಂದೆ ಕೂತು ಬೈಯುತ್ತಿದ್ದಳು, ಚುನಾವಣೆ ಬಂದರೆ ಪಂಚಾಯಿತಿ ಮೆಂಬರ್ ಅವಳ ಕಟ್ಟೆಗೆ ಬರಲೇಬೇಕಿತ್ತು. ಹೋದಾನ್ ಪೊಲೀಸ್ ಜೀಪಿನ ಸದ್ದು ಕೇಳಿದರೆ ಒಳಗಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಓಣಿಯ ಹೆಂಗಸರೂ ಮೊದಮೊದಲು ಅವಳನ್ನು ಹತ್ತಿರ ಸೇರಿಸಲಿಲ್ಲ. ಬಣ್ಣ ನಮ್ಮದು, ಮಾತು ಯಾರದೋ ಎಂದು ನಗುತ್ತಿದ್ದರು.

ತಾಯಿ ಕಾರ್ಡ್ ಮಾಡಿಸಬೇಕಿತ್ತು. ಬಸುರಿಯ ತೂಕ, ಬಿ.ಪಿ., ಬ್ಲಡ್ ಗ್ರೂಪ್, ಹಿಂದಿನ ಹೆರಿಗೆಗಳ ವಿವರ ಎಲ್ಲ ಬರೆಯುವ ಕಾರ್ಡು ಅದು. ಅದನ್ನು ನೋಡಿಯೇ ಆಸ್ಪತ್ರೆಯವರು ಮುಂದಿನದನ್ನು ಮಾಡುತ್ತಾರೆ. ಕಾರ್ಡಿಗೆ ಆಧಾರ್ ಬೇಕು. ಹೋದಾನಳಿಗೆ ಆಧಾರ್ ಎಲ್ಲಿಂದ ಬರಬೇಕು? ಪರದೇಶದವಳೆಂದು ಬರೆದರೆ ಪೊಲೀಸರಿಗೆ ತಿಳಿಯುತ್ತದೆ, ಹಿಡಿದು ಇಡುತ್ತಾರೆ ಎಂದು ಗಂಡಹೆಂಡತಿ ಹೆದರಿದ್ದರು. ಹಾಜ್ರಾಬಿ ತಗಡಿನ ಡಬ್ಬಿಯಿಂದ ಸೊಸೆಯ ಆಧಾರನ್ನೂ ಆಕೆಯ ಮೊದಲ ಹೆರಿಗೆಯ ಹಳೆಯ ಕಾರ್ಡನ್ನೂ ತಂದು ನನ್ನ ಮುಂದಿಟ್ಟಳು.

“ರೇಷ್ಮಾ ಅಂತ ಬರಕೋ, ಆಶಾಬಾಯಿ. ಫೋಟೋದಾಗ ನಾವೆಲ್ಲಾ ನಿಮ್ಮ ಕಣ್ಣಿಗೆ ಒಂದ ಥರಾ ಕಾಣ್ತೇವಲ್ಲಾ. ಇವತ್ತರ ಅದು ಉಪಯೋಗಕ್ಕ ಬರ್ಲಿ.”

ಹೊರಗೆ ಕೂತಿದ್ದ ಅಬ್ದಿಯನ್ನು ಏನೂ ಕೇಳದೆ ನಾನು ಬರೆದುಕೊಂಡೆ. ದೊಡ್ಡ ಮೋಸ ಮಾಡುತ್ತಿದ್ದೇನೆ ಎಂದು ಅನಿಸಲಿಲ್ಲ, ಬಸುರಿಗೆ ಕಬ್ಬಿಣದ ಗುಳಿಗೆ ಸಿಕ್ಕರೆ ಸಾಕು ಎಂದಷ್ಟೇ ಇತ್ತು. ಹಳೆಯ ಕಾರ್ಡಿನಲ್ಲಿದ್ದುದನ್ನೇ ಹೊಸದಕ್ಕೆ ಇಳಿಸಿದೆ. ಮೊದಲ ಹೆರಿಗೆ ನಾರ್ಮಲ್. ಬ್ಲಡ್ ಗ್ರೂಪ್ ಬಿ ಪಾಸಿಟಿವ್. ಹಾಜ್ರಾಬಿಗೆ ಓದಲು ಬಾರದು. ಹೆಸರಿನ ಕೆಳಗೆ ಇವೆಲ್ಲ ಇರುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎಂಟು ತಿಂಗಳು ತುಂಬಿದಾಗ ಅಬ್ದಿ ನಿರಾಶ್ರಿತರ ಕಾರ್ಡಿಗಾಗಿ ದಿಲ್ಲಿಗೆ ಹೋದ. ಅದಿದ್ದರೆ ಹಿಡಿದು ಕಳಿಸುವಂತಿಲ್ಲವಂತೆ. ಹದಿನೈದು ದಿನವೆಂದು ಹೋದವನು ತಿಂಗಳಾದರೂ ಬರಲಿಲ್ಲ. ಅಲ್ಲಿ ಸರದಿ ಬಂದಿರಲಿಲ್ಲ. ಹಾಜ್ರಾಬಿಯ ಫೋನಿಗೆ ಮಾಡುತ್ತಿದ್ದ. ಒಮ್ಮೆ ನಾನಿದ್ದಾಗಲೇ ಫೋನು ಬಂತು. ದವಾಖಾನೆಯ ಅಕ್ಕನಿಗೆ ಕೊಡಿ, ಅವರಿಗೆ ಹೇಳುವುದಿದೆ ಎಂದನಂತೆ. ಹಾಜ್ರಾಬಿ ಫೋನು ಚಾಚಿದಳು. ಪರದೇಶದ ಗಂಡಸು, ಅವನಾಡುವುದು ಹಿಂದಿ, ಏನು ಮಾತಾಡಲಿ? ನಾನು ತಲೆ ಅಲ್ಲಾಡಿಸಿ ಕೈ ಹಿಂದೆ ತೆಗೆದುಕೊಂಡೆ. ಎಲ್ಲಾ ಸರಿ ಐತಿ ಎಂದು ಹೇಳಲು ಹಾಜ್ರಾಬಿಗೇ ಹೇಳಿದೆ.

ಅದಾದ ವಾರಕ್ಕೆ ಹೋದಾನ್ ಒಬ್ಬಳೇ ಇದ್ದಾಗ ಹೋದೆ. ಅವಳಿಗೆ ಬರುತ್ತಿದ್ದ ಹಿಂದಿ ನೀರು, ಔಷಧ, ನೋವು ಎಂಬಷ್ಟೇ. ಅವಳು ನನ್ನ ಕೈ ಹಿಡಿದು ಬಾಗಿಲು ಮುಂದೆ ಮಾಡಿ, ಉದ್ದನೆಯ ನಿಲುವಂಗಿಯನ್ನು ಮೇಲೆತ್ತಲು ಹೋದಳು. ನನಗೆ ಮುಖ ಕೆಂಪಾಯಿತು. ನಾನು ಅಂಗಿಯನ್ನು ಕೆಳಗೆಳೆದು, ಮುಖ ಆಚೆ ತಿರುಗಿಸಿ, ನರ್ಸ್‌ಬಾಯಿ, ನರ್ಸ್‌ಬಾಯಿ ಎಂದು ಕೈಯಿಂದ ತೋರಿಸಿದೆ. ಅವಳು ಹೋಗಿ ಬಾಗಿಲು ತೆರೆದಳು. ಮುಂದಿನ ತಪಾಸಣೆ ನಡೆದದ್ದು ಅಂಗನವಾಡಿಯಲ್ಲಿ. ಅಲ್ಲಿ ಪರದೆ ಇರಲಿಲ್ಲ, ಹೊರಗೆ ಜನ. ಹೋದಾನ್ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದಳು. ನರ್ಸ್‌ಬಾಯಿ ಬಟ್ಟೆಯ ಮೇಲಿಂದಲೇ ಹೊಟ್ಟೆ ಮುಟ್ಟಿ, ಕಾರ್ಡು ನೋಡಿ, ಎರಡನೇದು, ಕಾಳಜಿ ಇಲ್ಲ ಎಂದರು.

ಒಂದು ಗುರುವಾರ ಬೆಳಿಗ್ಗೆ ಬೇನೆ ಶುರುವಾಯಿತು. ಹತ್ತು ಗಂಟೆಗೆ ನಾನೂ ಹಾಜ್ರಾಬಿಯೂ ಅವಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತಂದೆವು. ಬಿ.ಪಿ. ನೂರಾಹತ್ತು–ಎಪ್ಪತ್ತು. ಕೂಸಿನ ಎದೆಬಡಿತ ಚೆನ್ನಾಗಿತ್ತು. ಕಾರ್ಡಿನ ಪ್ರಕಾರ ಹುಬ್ಬಳ್ಳಿಗೆ ಕಳಿಸಲು ಕಾರಣವೇ ಇರಲಿಲ್ಲ. ಬೇನೆ ಬಂದಾಗಲೆಲ್ಲ ಹೋದಾನ್ ನನ್ನ ಮುಖ ನೋಡಿ ಏನೋ ಹೇಳುತ್ತಿದ್ದಳು. ಹಾಜ್ರಾಬಿ ಅವಳ ಸೊಂಟ ತಿಕ್ಕುತ್ತ, “ಅಳಬ್ಯಾಡ ಬೇಟಿ, ಸಂಜಿಕ್ಕ ಕೂಸಿನ ಜೋಡಿ ಮನೀಗಿ ಹೋಗೂಣು” ಎನ್ನುತ್ತಿದ್ದಳು.

ಒಂದು ಗಂಟೆಯ ಸುಮಾರಿಗೆ ಬೇನೆ ತಟ್ಟನೆ ನಿಂತಿತು. ಅವಳು ಒಮ್ಮೆ ಜೋರಾಗಿ ಚೀರಿ ಸುಮ್ಮನಾದಳು. ಹೊಟ್ಟೆಯ ಆಕಾರವೇ ಬದಲಾದಂತೆ ಕಂಡಿತು. ನಾಡಿ ನೂರಾಮೂವತ್ತು. ನರ್ಸ್‌ಬಾಯಿ ಕೂಸಿನ ಎದೆಬಡಿತ ಹುಡುಕಿದರು, ಮತ್ತೆ ಹುಡುಕಿದರು, ಸಿಗಲಿಲ್ಲ. ಅವರು ಆಂಬುಲೆನ್ಸಿಗೆ ಫೋನು ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಆಂಬುಲೆನ್ಸ್ ಬಂತು. ಹುಬ್ಬಳ್ಳಿಯ ದಾರಿಯುದ್ದಕ್ಕೂ ಹೋದಾನಳ ತುಟಿ ಬಿಳುಪಾಗುತ್ತ ಹೋಯಿತು. ಬಿ ಪಾಸಿಟಿವ್ ರಕ್ತ ತಯಾರು ಇಡಿ ಎಂದು ನರ್ಸ್‌ಬಾಯಿ ಫೋನಿನಲ್ಲಿ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಅದು ರೇಷ್ಮಾಳ ಗ್ರೂಪು, ಇವಳದು ಯಾವುದೋ ಗೊತ್ತಿಲ್ಲ ಎಂದು ಹೇಳಬೇಕಿತ್ತು, ಹೇಳದೆ ಹೋದಾನಳ ಅಂಗೈ ತಿಕ್ಕುತ್ತಿದ್ದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್‌ಬಾಯಿಯವರು ಹೋದಾನಳ ಅಂಗಿ ಸರಿಸಿದರು. ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಹಳೆಯ ಹೊಲಿಗೆಯ ಗುರುತು ಇತ್ತು. ಅಷ್ಟರಲ್ಲಿ ರಕ್ತದ ಪರೀಕ್ಷೆಯವರು ಬಂದು ಇದು ಓ ಪಾಸಿಟಿವ್, ಕಾರ್ಡು ತಪ್ಪು ಎಂದರು.

“ಏನ್ರಿ ಇದು? ಕಾರ್ಡಿನಾಗ ನಾರ್ಮಲ್ ಅಂತೈತಿ, ಇಲ್ಲಿ ಸಿಸೇರಿಯನ್ ಆಗೇತಿ. ಎಷ್ಟ ಸಲ ಆಗೇತಿ? ಯಾವಾಗ ಆಗೇತಿ? ಈಕಿ ಯಾರು, ಹೇಳ್ರಿ.”

ಹಾಜ್ರಾಬಿ ಹಿಂದಿನಿಂದ ನನ್ನ ಸೆರಗು ಹಿಡಿದಳು. “ಹೇಳಬ್ಯಾಡವಾ. ಒಯ್ದಬಿಡ್ತಾರ ಆಕಿನ್ನ” ಎಂದು ಪಿಸುಗುಟ್ಟಿದಳು. ನನ್ನ ಬದುಕಿನಲ್ಲಿ ಅಷ್ಟು ಜನರ ನಡುವೆ ನಾನು ಬಾಯಿ ತೆರೆದದ್ದು ಅದೇ ಮೊದಲು.

“ಈಕಿ ರೇಷ್ಮಾ ಅಲ್ರಿ. ಹೋದಾನ್ ಅಂತ, ಸೊಮಾಲಿಯಾದಾಕಿ. ಕಾರ್ಡಿನಾಗ ನಾನ ಸುಳ್ಳ ಬರದೀನ್ರಿ. ಈಕಿ ಗಂಡ ದಿಲ್ಲ್ಯಾಗ ಅದಾನ, ಅವನಿಗೆಲ್ಲಾ ಗೊತ್ತ ಐತ್ರಿ.”

ಡಾಕ್ಟರ್‌ಬಾಯಿಯವರು ನನ್ನನ್ನು ಬೈಯಲೂ ನಿಲ್ಲಲಿಲ್ಲ. ಹಾಜ್ರಾಬಿಯ ಫೋನಿನಿಂದ ಅಬ್ದಿಯ ಜೊತೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿ ಒಳಗೆ ಓಡಿದರು. ಆಮೇಲೆ ತಿಳಿಯಿತು. ಎರಡು ಸಲ ಸಿಸೇರಿಯನ್ ಆಗಿತ್ತು, ಎರಡೂ ಕೂಸು ಉಳಿದಿರಲಿಲ್ಲ. ಎರಡನೆಯ ಆಪರೇಶನ್ ಆಗಿ ಎರಡು ವರ್ಷವೂ ಆಗಿರಲಿಲ್ಲ. ಮೂರನೆಯದಕ್ಕೆ ಬೇನೆ ಬರುವ ಮೊದಲೇ ಆಪರೇಶನ್ ಮಾಡಬೇಕೆಂದು ಅವರ ದೇಶದ ಡಾಕ್ಟರು ಹೇಳಿ ಕಳಿಸಿದ್ದರು. ಆವತ್ತು ಫೋನಿನಲ್ಲಿ ನನಗೆ ಹೇಳಬೇಕೆಂದಿದ್ದುದು ಅದೇ. ಬಾಗಿಲು ಮುಂದೆ ಮಾಡಿ ಅವಳು ತೋರಿಸಲು ಬಂದಿದ್ದೂ ಅದೇ.

ಗರ್ಭಕೋಶ ಹಳೆಯ ಹೊಲಿಗೆಯ ಸಾಲಿನಲ್ಲಿ ಬಿರಿದಿತ್ತು. ಅದನ್ನು ತೆಗೆದುಹಾಕಿ ತಾಯಿಯನ್ನು ಉಳಿಸಿದರು. ಕೂಸು ಹೆಣ್ಣು. ಎರಡು ಮುಕ್ಕಾಲು ಕೆ.ಜಿ. ತೂಕವಿತ್ತು, ಜೀವ ಇರಲಿಲ್ಲ.

ಕೂಸನ್ನು ಓಣಿಯ ಹಿಂದಿನ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ಆವತ್ತು ಹಿಂದೂ, ಕ್ರಿಶ್ಚಿಯನ್ ಸಿದ್ದಿಗಳ ಮನೆಗಳಲ್ಲೂ ಒಲೆ ಹೊತ್ತಲಿಲ್ಲ. ಹಾಜ್ರಾಬಿ ಕಟ್ಟೆಯ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದಳು: “ನಮ್ಮ ಮುತ್ಯಾನ ಮುತ್ಯಾನ ಕಾಲದಿಂದ ಇಲ್ಲಿ ದುಡದು ನಾವು ಗಳಿಸಿದ್ದು ಏನಂದ್ರ ಸತ್ತಮ್ಯಾಲ ಹುಗ್ಯಾಕ ಇಷ್ಟ ಜಾಗಾ. ಆಕೀಗಿ ಇದನ್ನೂ ನಾವ ಕಡಾ ಕೊಡಬೇಕಾತು.”

ಆಮೇಲಿನದು ಕಾಗದದ ವಿಷಯ. ಆಸ್ಪತ್ರೆಯಲ್ಲಿ ಎಲ್ಲವೂ ರೇಷ್ಮಾಳ ಹೆಸರಿನಲ್ಲೇ ದಾಖಲಾಗಿತ್ತು. ಅಬ್ದಿ ನಿರಾಶ್ರಿತರ ಕಾರ್ಡು ಹಿಡಿದು ಆರನೇ ದಿನ ಬಂದ. ಪೊಲೀಸರು ಬಂದು ಕಾರ್ಡು ನೋಡಿ, ಹೇಳಿಕೆ ಬರೆದುಕೊಂಡು ಹೋದರು, ಯಾರನ್ನೂ ಒಯ್ಯಲಿಲ್ಲ. ಅಷ್ಟು ದಿನ ನಾವೆಲ್ಲ ಹೆದರಿದ್ದು ಇಷ್ಟಕ್ಕೇ. ಅಬ್ದಿ ಬೇರೇನೂ ಕೇಳಲಿಲ್ಲ, ತಮಗೊಬ್ಬ ಮಗಳು ಇಲ್ಲಿ ಹುಟ್ಟಿ ತೀರಿಹೋದಳು ಎಂಬ ಕಾಗದ ಹೆಂಡತಿಯ ಹೆಸರಿನಲ್ಲಿ ಬೇಕು ಎಂದ. ಹಿಂದಿನ ಇಬ್ಬರು ಮಕ್ಕಳದ್ದು ಎಲ್ಲಿಯೂ ದಾಖಲೆ ಇಲ್ಲವಂತೆ.

ನನ್ನ ಮೇಲಿನವರೊಬ್ಬರು ನನ್ನನ್ನು ಬದಿಗೆ ಕರೆದು, ಇದ್ದಂತೆ ಇರಲಿ ಎಂದರು. ಹೆಸರು ತಿದ್ದಬೇಕಾದರೆ ತಪ್ಪು ಬರೆದವಳು ಲಿಖಿತವಾಗಿ ಒಪ್ಪಿಕೊಳ್ಳಬೇಕು, ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ಅವರು ನನ್ನ ಒಳ್ಳೆಯದಕ್ಕೇ ಹೇಳಿದರು. ನಿಮ್ಮ ಅಪ್ಪ ಆಗ ಐ.ಟಿ.ಐ. ಓದುತ್ತಿದ್ದ, ಮನೆಗೆ ನನ್ನ ದುಡಿಮೆಯೊಂದೇ. ಎರಡು ದಿನ ಅನ್ನ ಸೇರಲಿಲ್ಲ. ಹಾಗೇ ಬಿಟ್ಟರೆ ಗೋವಾದಲ್ಲಿದ್ದ ರೇಷ್ಮಾ ದಾಖಲೆಯಲ್ಲಿ ಗರ್ಭಕೋಶವಿಲ್ಲದವಳಾಗಿ ಉಳಿಯುತ್ತಿದ್ದಳು; ಹೋದಾನ್ ನಮ್ಮ ಊರಿಗೆ ಬಂದೇ ಇರಲಿಲ್ಲ ಎಂದಾಗುತ್ತಿತ್ತು. ಮೂರನೇ ದಿನ ಒಂದು ಹಾಳೆಯಲ್ಲಿ ನಡೆದದ್ದನ್ನೆಲ್ಲ ಬರೆದೆ. ಕಾರ್ಡಿನ ಸುಳ್ಳು, ತೆಗೆದುಕೊಳ್ಳದ ಫೋನು, ತಿರುಗಿಸಿದ ಮುಖ, ಏನನ್ನೂ ಬಿಡಲಿಲ್ಲ. ಓದಿದ ಅಧಿಕಾರಿ, ಕೊನೆಯ ಎರಡು ಬೇಕಾಗಿಲ್ಲಮ್ಮ ಎಂದರು. ಇರಲಿ ಎಂದೆ.

ಹೆಸರು ತಿದ್ದಲು ಐದು ವಾರ ಹಿಡಿಯಿತು. ನನ್ನನ್ನು ಕೆಲಸದಿಂದ ತೆಗೆದರು. ಮರುವರ್ಷ ಕೊರೊನಾದಲ್ಲಿ ಮನೆಮನೆ ತಿರುಗಲು ಜನ ಸಾಲದೆ ಮತ್ತೆ ಕರೆದರು, ಅರವತ್ತು ತುಂಬುವವರೆಗೆ ಮಾಡಿದೆ. ಹೋದಾನ್ ಕಾಗದ ಕೈಗೆ ಬಂದ ವಾರವೇ ಗಂಡನ ಜೊತೆ ಹೈದರಾಬಾದಿಗೆ ಹೋದಳು. ಬಸ್ಸಿಗೆ ಕಳಿಸಲು ಓಣಿಯ ಹೆಂಗಸರೆಲ್ಲ ಹೋಗಿದ್ದರು. ನಾನೂ ಹೋಗಿದ್ದೆ. ಅವಳು ಹಾಜ್ರಾಬಿಯನ್ನು ತಬ್ಬಿಕೊಂಡು ಅತ್ತಳು. ನನ್ನ ಕಡೆ ತಿರುಗಲಿಲ್ಲ. ಈಗ ಎಲ್ಲಿದ್ದಾಳೋ ಗೊತ್ತಿಲ್ಲ.

ಮಕ್ಕಳೇ, ನಾಚಿಕೆ ಹೆಣ್ಣಿಗೆ ಚೆಂದ ಎಂದು ನನ್ನನ್ನು ಎಲ್ಲರೂ ಹೊಗಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಬಡವರ ಜೊತೆ ಮಾಡುವ ಕೆಲಸದಲ್ಲಿ ಅದು ಚೆಂದವಲ್ಲ. ಒಬ್ಬಳು ತನ್ನ ಮೈಮೇಲಿನ ಗಾಯ ತೋರಿಸಲು ನಿಮ್ಮ ಹತ್ತಿರ ಬಂದರೆ ನಿಮಗೆ ಎಷ್ಟೇ ಸಂಕೋಚವಾಗಲಿ ನೋಡಿ. ಅವಳ ಸಂಕೋಚ ನಿಮ್ಮದಕ್ಕಿಂತ ದೊಡ್ಡದು, ಅದನ್ನು ದಾಟಿ ಅವಳು ಬಂದಿರುತ್ತಾಳೆ. ಕೆಲಸಕ್ಕೆ ಮರಳಿ ಸೇರಿದ ಮೇಲೆ ನಾನು ಯಾರ ಕಾರ್ಡನ್ನೂ ಹಳೆಯದರಿಂದ ಇಳಿಸಲಿಲ್ಲ. ಬಾಗಿಲು ಹಾಕಿಸಿ, ಎದುರು ಕೂತು, ಒಂದೊಂದೇ ಕೇಳಿ ಬರೆದೆ. ಅದನ್ನು ಕಲಿಯಲು ಒಂದು ಕೂಸು ಹೋಗಬೇಕಾಯಿತು.