ನೂರಾಹತ್ತು ವೋಲ್ಟಿನ ಇಸ್ತ್ರಿ

ತುಸು ತಡೆಯಿರಿ, ಪುಟ ತಿರುವಬೇಡಿ. ಈ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನಾವೇ ಎರಡು ದಿನ ಕಾದಿದ್ದೇವೆ.

ಎರಡನೇ ಮಹಾಯುದ್ಧದ ವರ್ಷಗಳು ಅವು. ಗೋಕಾಕದ ಕಡೆಯ ಹತ್ತಿ ಗಿರಣಿಯೊಂದರಲ್ಲಿ ನನಗೆ ನೂಲಿನ ಕೆಲಸ. ಸುತ್ತಲಿನ ಹಳ್ಳಿಗಳಲ್ಲಿ ಕಂದೀಲು, ಗಿರಣಿಯವರ ಸಾಲುಮನೆಗಳಾದ ನಮ್ಮ ಚಾಳಿಗೆ ಮಾತ್ರ ಕರೆಂಟು. ಅದರ ಹುಚ್ಚು ಹಿಡಿದ ನಾನು ರದ್ದಿಯಲ್ಲಿ ಸಿಕ್ಕ ರಟ್ಟಿಲ್ಲದ ಪುಸ್ತಕವೊಂದನ್ನು ಊಟದ ಬಿಡುವಿನಲ್ಲೂ ಓದುತ್ತಿದ್ದೆ. ಅದರಿಂದ ತಲೆಗೆ ಹತ್ತಿದ್ದು ಎರಡೇ ಲೆಕ್ಕ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಂತಿಯ ತಡೆ, ಅಂದರೆ ಓಮ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಶಕ್ತಿ, ಅಂದರೆ ವ್ಯಾಟ್. ಇಷ್ಟು ಬಂಡವಾಳದ ಮೇಲೆ ಇಡೀ ಚಾಳಿಗೆ ನಾನೇ ಸಲಹೆಗಾರ!

ಚಾಳಿನ ಮೂಲೆಯಲ್ಲಿ ದರ್ಜಿ ಚಾಚಾನ ಅಂಗಡಿ. ಅವರ ನೆಂಟರೊಬ್ಬರು ಮುಂಬಯಿಯಿಂದ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟರು. ಅದರ ಮೇಲೆ 220 ವೋಲ್ಟ್, 440 ವ್ಯಾಟ್ ಎಂದು ಬರೆದಿತ್ತು. ನಮ್ಮ ಚಾಳಿಗೆ ಬರುತ್ತಿದ್ದುದೋ 110 ವೋಲ್ಟು.

"ನಡೀತೈತೇನ ತಮ್ಮಾ ಇಲ್ಲಿ?" ಎಂದರು ಚಾಚಾ.

ಅವರ ಗುರುತಿನ ಸೀಮೆಸುಣ್ಣದಿಂದಲೇ ಕರಿ ಬಟ್ಟೆಯ ತುಂಡಿನ ಮೇಲೆ ಲೆಕ್ಕ ಹಾಕಿದೆ. 440 ಅನ್ನು 220ರಿಂದ ಭಾಗಿಸಿದರೆ ಎರಡು ಆಂಪಿಯರ್. ನಮ್ಮ 110ನ್ನು ಆ ಎರಡರಿಂದ ಗುಣಿಸಿದರೆ 220 ವ್ಯಾಟ್.

"ಅರ್ಧಾ ಕಾವು ಬರತೈತ್ರಿ ಚಾಚಾ. ಸಾವಕಾಶ ಬಿಸಿ ಆಗತೈತಿ, ಅಷ್ಟ."

ನನ್ನ ಮಾತು ನಂಬಿ ಚಾಚಾ ತಮ್ಮ ಹಳೆಯ ಇದ್ದಿಲಿನ ಪೆಟ್ಟಿಗೆಯನ್ನು ಮೂಡಲಗಿಯಲ್ಲಿ ಹೊಸ ಅಂಗಡಿ ಇಡುತ್ತಿದ್ದ ಅಳಿಯನಿಗೆ ಕಳಿಸಿಬಿಟ್ಟರು. ಸಾಲದ್ದಕ್ಕೆ ಎದುರಿನ ಮಡಿವಾಳನನ್ನು ಕರೆದು, "ಇನ್ನ ಬೂದಿ ಊದೂದು ನಿನ್ನ ಪಾಲಿಗಿರಲಿಪಾ" ಎಂದು ಚುಚ್ಚಿದರು.

ಮಂಗಳವಾರ ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಯ ಮದುವೆಯ ಮೂರು ಕರಿ ಕೋಟು ಹೊಲಿದು ಮುಗಿದವು. ಗುರುವಾರ ಮಧ್ಯಾಹ್ನ ಮದುಮಗನ ಸೋದರಮಾವ ಎತ್ತಿನ ಚಕ್ಕಡಿಯಲ್ಲಿ ಬಂದು ಒಯ್ಯುವುದೆಂದು ಮಾತು. ಪೆಟ್ಟಿಗೆಗೆ ಕರೆಂಟು ಕೊಟ್ಟು ಅರ್ಧ ತಾಸು ಕೂತೆವು. ಚಾಚಾ ಬೆರಳು ಅದ್ದಿ ಅದರ ತಳಕ್ಕೆ ನೀರು ಚಿಮುಕಿಸಿದರು. ಚುರ್ ಅನ್ನಬೇಕು. ಅನ್ನಲಿಲ್ಲ.

"ನೋಡ ತಮ್ಮಾ, ನೀರು ಹೆಂಗ ಕುಂತೈತಿ, ಬೀಗರ ಮನ್ಯಾಗಿನ ಹೊಸಾ ಅಳಿಯಾ ಕುಂತಂಗ."

"ಮಡಿವಾಳನ ಪೆಟಗಿ ಕೇಳೂನೇನ್ರಿ?"

"ಯಾವ ಬಾಯೀಲೆ ಕೇಳಲಿ? ಇವು ಸುಕ್ಕಾಗಿ ಹೋದ್ರ ಹುಕ್ಕೇರಿ ಕಡಿ ಗಿರಾಕಿ ಎಲ್ಲಾ ಮುಗದಂಗ. ಇಷ್ಟ ವರ್ಷದಾಗ ನನ್ನ ಅಂಗಡ್ಯಾಗಿಂದ ಒಂದ ಸುಕ್ಕ ಅಂಗಿ ಹೊರಗ ಹೋಗಿಲ್ಲ."

ಬುಧವಾರ ಗಿರಣಿಯ ವೈರ್‌ಮನ್ ಕಾಕಾನನ್ನು ಕಾಡಿ ಬೇಡಿ ಕರೆತಂದೆ. ಅವರು ಕರೆಂಟು ಅಳೆಯುವ ಮೀಟರು ಜೋಡಿಸಿದರು. ಮುಳ್ಳು ಒಂದು ಆಂಪಿಯರಿಗೆ ನಿಂತಿತು.

"ಎರಡು ಅಂದಿದ್ದೆಲ್ಲಲೇ? ಇನ್ನೊಂದ ಎಲ್ಲಿ ಹೋತು, ಮೂಡಲಗಿ ಸಂತಿಗೇನು?"

ಆಗ ಹೊಳೆಯಿತು. ಮುಂಬಯಿಯಲ್ಲಿ 220 ಭಾಗಿಸು ಎರಡು, ತಡೆ 110 ಓಮ್. ಇಲ್ಲಿ 110 ಭಾಗಿಸು ಒಂದು, ಅದೇ 110 ಓಮ್. ಬದಲಾಗದ್ದು ತಂತಿಯ ತಡೆ! ವೋಲ್ಟು ಅರ್ಧವಾದರೆ ಆಂಪಿಯರೂ ಅರ್ಧವಾಗುತ್ತದೆ. ನಾನು ಮಾತ್ರ ಮುಂಬಯಿಯ ಎರಡನ್ನು ಹಾಗೇ ಹೊತ್ತು ತಂದಿದ್ದೆ. 110 ಗುಣಿಸು ಒಂದು, ಬರೀ 110 ವ್ಯಾಟ್. ಅರ್ಧವಲ್ಲ, ಕಾಲು ಭಾಗ.

"ಹಂಗಾದ್ರ ಇಂಥವು ನಾಕ ತಂದ ಒಂದರ ಮ್ಯಾಲೊಂದ ಇಡೂನ?" ಎಂದರು ಚಾಚಾ. ನಗಲಿಲ್ಲ ಅವರು. ನಾನೂ ನಗಲಿಲ್ಲ.

ಅವತ್ತು ನೂಲು ಸುತ್ತುತ್ತಲೇ ಒಂದು ದಾರಿ ಕಂಡಿತು. ಪೆಟ್ಟಿಗೆಯೊಳಗಿನ ತಂತಿಯನ್ನು ನಟ್ಟನಡುವೆ ಹಿಡಿದರೆ ಎರಡು ಅರ್ಧ, ಒಂದೊಂದೂ 55 ಓಮ್. ಎರಡಕ್ಕೂ ಬೇರೆಬೇರೆಯಾಗಿ 110 ವೋಲ್ಟು ಕೊಟ್ಟರೆ ಒಂದೊಂದೂ ಎರಡು ಆಂಪಿಯರ್ ಎಳೆಯುತ್ತದೆ. ಒಟ್ಟು ನಾಲ್ಕು. 110 ಗುಣಿಸು ನಾಲ್ಕು, ಪೂರಾ 440!

ಗುರುವಾರ ಬೆಳಿಗ್ಗೆ ಕಾಕಾ ನನ್ನ ಲೆಕ್ಕವನ್ನು ಎರಡು ಸಲ ನೋಡಿದರು. "ಫ್ಯೂಜ್ ಐದ ಆಂಪಿಯರಿಂದೈತಿ. ತಡಕೋತೈತಿ. ಲೈಟ್ ಒಂದ ಹಚ್ಚಬ್ಯಾಡ್ರಿ" ಎಂದು ತಾವೇ ಬಿಚ್ಚಿ ತಂತಿ ಜೋಡಿಸಿದರು.

"ಕೋಟಿನ ಮ್ಯಾಲ ಬ್ಯಾಡ. ಮೊದಲ ನಿನ್ನ ಅಂಗಿ ತಗಿ," ಎಂದರು ಚಾಚಾ ನನಗೆ.

ತೆಗೆದೆ. ನೀರು ಚಿಮುಕಿಸಿದರು. ಚುರ್ರ್! ಚಾಚಾನ ಮುಖ ಅರಳಿತು. ನನ್ನ ಅಂಗಿಯ ಮೇಲೆ ಪೆಟ್ಟಿಗೆ ಇಟ್ಟವರೇ, "ಏ ಮಡಿವಾಳಪ್ಪಾ, ಬಾ ಇಲ್ಲಿ, ಕೇಳ ಇದರ ಸಪ್ಪಳ!" ಎಂದು ಬಾಗಿಲಿಗೆ ಹೋದರು. ನಾವೂ ಅವರ ಹಿಂದೆಯೇ ಹೋದೆವು. ಇದ್ದಿಲಿನ ಪೆಟ್ಟಿಗೆ ಬಿಟ್ಟರೆ ತಾನೇ ಆರುತ್ತಿತ್ತು. ಅದೇ ರೂಢಿ ಅವರದು. ಇದು ಬಿಟ್ಟಷ್ಟೂ ಕಾಯುವ ಜಾತಿ. ಕಮಟು ವಾಸನೆಗೆ ಓಡಿಬಂದಾಗ ಅಂಗಿಯ ಬೆನ್ನಿನ ಮೇಲೆ ಪೆಟ್ಟಿಗೆಯ ಅಚ್ಚು ಕಂದು ಬಣ್ಣದಲ್ಲಿ ಮೂಡಿತ್ತು.

ಮಡಿವಾಳ ಹೊಟ್ಟೆ ಹಿಡಿದು ನಕ್ಕ. ಆದರೆ ಅವನೇ ಒಳಗೆ ಬಂದು ಪ್ಲಗ್ಗಿನ ಹತ್ತಿರ ಕೂತ. ಒಂದು ತೋಳು ಮುಗಿದೊಡನೆ "ತಗಿ" ಎಂದು ಚಾಚಾ ಕೂಗುವುದು, ಅವನು ಕೀಳುವುದು. ಆರಿತೆಂದರೆ "ಹಾಕು". ಹೀಗೆ ಮೂರೂ ಕೋಟು ಮುಗಿದವು.

ಮಧ್ಯಾಹ್ನ ಸೋದರಮಾವ ಬಂದು ಕಾಲರಿನ ಮೇಲೆ ಅಂಗೈ ಆಡಿಸಿ, "ಛಲೋ ಕುಂತೈತ್ರಿ ಇಸ್ತ್ರಿ" ಎಂದರು. ಚಕ್ಕಡಿ ಹೊರಟ ಮೇಲೆಯೇ ಚಾಚಾ ಉಸಿರು ಬಿಟ್ಟು ಕೂತದ್ದು. ನಾನು ಬರಿಮೈಯಲ್ಲಿ ನಿಂತಿದ್ದೆ. ಕೋಟಿನ ಒಳಬಟ್ಟೆಯಲ್ಲಿ ಉಳಿದ ತುಂಡು ಹುಡುಕಿ ನನ್ನ ಅಂಗಿಗೆ ತೇಪೆ ಹಾಕಿಕೊಟ್ಟರು. ಬೆನ್ನಿಗೆ ರೇಶಿಮೆ!

ನಿಮ್ಮ ಮನೆಗೆ ಮೊದಲ ಕರೆಂಟಿನ ಸಾಮಾನು ಬಂದಾಗ ಏನು ಸುಟ್ಟಿತು, ಯಾರ ಲೆಕ್ಕ ತಪ್ಪಿತು? ನಾಚಿಕೊಳ್ಳದೆ ಬರೆದು ಕಳಿಸಿ, ಓದುವ ಆಸೆ ನನಗೆ.