ಸುವಾರ್ತಮ್ಮನ ಮಗ್ಗಲು

ಮೊದಲು ನೋವು ಬಂದದ್ದು ರೊಟ್ಟಿ ಬಡಿಯುವಾಗ. ನನ್ನ ಹೆಂಡತಿ ಸುವಾರ್ತಮ್ಮ ಕೈ ನಿಲ್ಲಿಸಿ ಗೋಡೆ ಹಿಡಿದಳು. "ಬೆನ್ನಾಗ ಮೊಳಿ ಹೊಡದಂಗಾತ್ರಿ" ಎಂದಳು. ಮತ್ತೆ ರೊಟ್ಟಿ ಬಡಿದಳು. ನಾನು ಉಂಡು ಡ್ಯೂಟಿಗೆ ಹೋದೆ.

ವಾಡಿ ಜಂಕ್ಷನ್ನಿನಲ್ಲಿ ನಾನು ಹಳಿ ಬದಲಿಸುವ ಪಾಯಿಂಟ್ಸ್‌ಮನ್. ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವಿಬ್ಬರೇ; ಮಕ್ಕಳಿಲ್ಲ. ನಮ್ಮ ಸಣ್ಣ ಸಭೆಗೆ ಪಾಸ್ಟರ್ ಅಯ್ಯನವರು ಶಹಾಬಾದಿನಿಂದ ಬರಬೇಕು. ಅವರು ಬಾರದ ಭಾನುವಾರ ಪ್ರಸಂಗ ನನ್ನದು. ಕೀರ್ತನೆ ಎತ್ತಿಕೊಡುವುದು ಮಾತ್ರ ಯಾವಾಗಲೂ ಅವಳೇ. ತವರು ಚಿಮ್ಮನಚೋಡದ ಹೊಲಗಳಲ್ಲಿ ಹಾಡಿ ಬೆಳೆದ ದನಿ. ಪಕ್ಕದಲ್ಲೇ ಎಂಜಿನ್ ಹಾದುಹೋದರೂ ಸಭೆಗೆ ಶ್ರುತಿ ತಪ್ಪಲು ಬಿಡುತ್ತಿರಲಿಲ್ಲ.

ಎಣ್ಣೆ ತಿಕ್ಕಿದೆವು. ಬಿಸಿ ಇಟ್ಟೆವು. ಸಂಜೆಯಾದರೆ ಸಣ್ಣ ಜ್ವರ ಬರತೊಡಗಿತು, ಮೈ ಇಳಿಯಿತು. ಒಂದು ಬೆಳಿಗ್ಗೆ ಕೊಡ ಎತ್ತಲು ಬಗ್ಗಿದವಳಿಗೆ ಮೇಲೇಳಲು ಆಗಲಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ಮಲಗಿಸಿಕೊಂಡು ಗುಲ್ಬರ್ಗಾದ ಆಸ್ಪತ್ರೆಗೆ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಸ್ಪೈನ್ ಟಿ.ಬಿ."

ಟಿ.ಬಿ. ಎಂದರೆ ಕೆಮ್ಮು, ರಕ್ತ ಎಂದಷ್ಟೇ ನನಗೆ ಗೊತ್ತಿತ್ತು. ಅದು ಬೆನ್ನಿನ ಎಲುಬನ್ನೂ ತಿನ್ನುತ್ತದೆ, ಬಿಟ್ಟರೆ ಕಾಲು ಬಿದ್ದುಹೋಗುತ್ತವೆ ಎಂದು ಅವರು ಬಿಡಿಸಿ ಹೇಳಿದರು. ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿದರು. ಗುಳಿಗೆ ಕೊಟ್ಟರು. ದಿನಾಲೂ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಆಗಬೇಕು, ಎಷ್ಟು ತಿಂಗಳು ಎಂದು ಈಗಲೇ ಹೇಳಲಾಗದು ಎಂದರು.

ಮನೆಗೆ ತಂದು ಮಂಚಕ್ಕೆ ಹಲಗೆ ಹಾಕಿ ಮಲಗಿಸಿದೆ. ರೈಲ್ವೆ ದವಾಖಾನೆಯ ಕಂಪೌಂಡರ್ ದಿನಾ ಬಂದು ಸೂಜಿ ಹಾಕತೊಡಗಿದರು. ಸಭೆಯವರು ಬಂದರು, ಪ್ರಾರ್ಥಿಸಿದರು, ಹೋದರು. ನಾನೂ ದಿನಾ ಬೆಳಿಗ್ಗೆ ಅವಳ ಪಕ್ಕ ಮೊಣಕಾಲೂರುತ್ತಿದ್ದೆ. ನನ್ನ ಪ್ರಾರ್ಥನೆಗಳು ಉದ್ದ. ದೇವರು ತನ್ನವರನ್ನು ಯಾಕೆ ಸಂಕಟದಲ್ಲಿ ನಡೆಸುತ್ತಾನೆ ಎಂಬುದನ್ನು ದೇವರಿಗೇ ವಿವರಿಸುವಂತೆ ಇರುತ್ತಿದ್ದವು. ಒಂದು ದಿನ ನಡುವೆಯೇ ಅವಳು ಕಣ್ಣು ತೆರೆದಳು.

"ಪ್ರಸಂಗ ಸಾಕ್ರಿ. ಮೊದಲ ನನ್ನ ಮಗ್ಗಲಾ ಹೊಳ್ಳಸ್ರಿ. ಮೈ ಉರೀಲಿಕತ್ತದ."

ಆಮೆನ್ ಹೇಳದೆ ಎದ್ದೆ.

ಒಬ್ಬನಿಂದ ಆಗಲಿಲ್ಲ. ಪ್ಲಾಸ್ಟರ್ ಕಲ್ಲಿನಷ್ಟು ಭಾರ. ಭುಜ ಹಿಡಿದು ಜಗ್ಗಿದೆ, ಅವಳು ಚೀರಿದಳು. ಗೋಡೆಯಾಚೆಯ ಮನೆಯಿಂದ ಜೈನಬೀ ಓಡಿಬಂದರು. ಅವರ ಗಂಡ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಅಲ್ಲಿಯವರೆಗೆ ನನಗೂ ಅವರಿಗೂ ಮಾತೇ ಇರಲಿಲ್ಲ.

"ಒಬ್ಬರ ಕೈಲಿ ಆಗಂಗಿಲ್ಲ ಭಾಯಿ. ನೀವು ಭುಜ ಹಿಡೀರಿ, ನಾ ಸೊಂಟ ಹಿಡೀತೀನಿ."

ಇಬ್ಬರೂ ಸೇರಿ ಹೊರಳಿಸಿದೆವು. ಪ್ಲಾಸ್ಟರಿನ ಅಂಚಿನ ಕೆಳಗೆ ಚರ್ಮ ಕೆಂಪಾಗಿತ್ತು, ಒಡೆದಿರಲಿಲ್ಲ. ಜೈನಬೀ ಅದಕ್ಕೆ ಪೌಡರ್ ಹಾಕುತ್ತ, "ನೀವು ಡ್ಯೂಟಿಗೆ ಹೋಗ್ರಿ, ನಾ ಇದ್ದೀನಲ್ಲ" ಎಂದರು. ಅಂದಿನಿಂದ ನಾನಿಲ್ಲದ ಹೊತ್ತು ಬೆಡ್‌ಪ್ಯಾನ್ ಅವರದು, ನಾನಿದ್ದಾಗ ನನ್ನದು.

ಅದನ್ನು ತೊಳೆಯುವುದು ನನಗೆ ಸುಲಭವಾಗಲಿಲ್ಲ. ಕ್ವಾರ್ಟರ್ಸಿಗೆಲ್ಲ ಒಂದೇ ನಲ್ಲಿ. "ಪ್ರಸಂಗದ ಅಯ್ಯ ಹೆಣ್ತಿ ಪ್ಯಾನ್ ತೊಳೀಲಿಕತ್ತಾನ ನೋಡು" ಎಂದು ಯಾರೋ ನಕ್ಕರು. ಮರುದಿನದಿಂದ ಬಕೆಟ್ಟಿನಲ್ಲಿ ನೀರು ತಂದು, ಮನೆ ಹಿಂದೆ ಮರೆಯಲ್ಲಿ ತೊಳೆಯತೊಡಗಿದೆ. ಸುವಾರ್ತಮ್ಮ ಅದನ್ನು ಗಮನಿಸಿ ಒಂದೇ ಮಾತು ಕೇಳಿದಳು: "ನನ್ನ ಸಲುವಾಗಿ ನಾಚಿಕಿ ಆಗ್ತದೇನ್ರಿ?"

ಸೇವೆ, ತಗ್ಗಿಸಿಕೊಳ್ಳುವುದು ಎಂದು ಎಷ್ಟು ಭಾನುವಾರ ನಿಂತು ಹೇಳಿದ್ದೆ! ಹೇಳುವಾಗ ಅದು ಬಲು ಚಂದದ ಮಾತಾಗಿತ್ತು. ಕೈಯಲ್ಲಿ ಹಿಡಿದಾಗ ಅದಕ್ಕೆ ವಾಸನೆಯಿತ್ತು. ಮರುದಿನ ಮತ್ತೆ ನಲ್ಲಿಗೇ ಹೋದೆ. ಅಲ್ಲಿದ್ದವರು ಇನ್ನೊಮ್ಮೆ ನಕ್ಕರು. ಆಮೇಲೆ ಬಿಟ್ಟರು.

ಜ್ವರ ಇಳಿಯಿತು. ಊಟ ಸೇರಿತು. ಆಗ ಕಿವಿಯ ತೊಂದರೆ ಶುರುವಾಯಿತು. "ಕಿವ್ಯಾಗ ಸೀಟಿ ಊದ್ಲಿಕತ್ತದರಿ. ಸ್ಟೇಷನ್ನಿಂದಲ್ಲ" ಎಂದಳು. ಕಣ್ಣು ಮುಚ್ಚಿದರೆ ಮಂಚ ತಿರುಗಿದಂತಾಗುತ್ತಿತ್ತು. ನಾನು ಬಾಗಿಲಿನಿಂದ ಕರೆದರೆ ಓಗೊಡುತ್ತಿರಲಿಲ್ಲ.

ಮತ್ತೆ ಗುಲ್ಬರ್ಗಾಕ್ಕೆ ಕರೆದೊಯ್ದೆ. ಡಾಕ್ಟರು ಮುಚ್ಚಿಡಲಿಲ್ಲ. "ಇದು ಇಂಜೆಕ್ಷನ್‌ನಿಂದ ಆಗಿರೋದು. ಈಗ ನಿಲ್ಲಿಸಿದರೆ ರೋಗ ತಿರುಗಿ ಏಳಬಹುದು. ಮುಂದುವರಿಸಿದರೆ ಕಿವಿ ಇನ್ನೂ ಮಂದ ಆಗಬಹುದು. ಹೋದ ಕಿವಿ ವಾಪಸು ಬರೋದಿಲ್ಲ."

ನಿಲ್ಲಿಸೋಣ ಎಂದೆ ನಾನು. ದೇವರ ಮೇಲೆ ಭಾರ ಹಾಕೋಣ ಎಂದೂ ಹೇಳಿದೆ. ಅವಳ ಹಾಡಿಲ್ಲದ ಸಭೆಯನ್ನು ನೆನೆಯಲು ನನ್ನಿಂದ ಆಗುತ್ತಿರಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿ ಎಲ್ಲ ಜೋರಾಗಿ ಹೇಳಬೇಕಾಯಿತು, ವಾರ್ಡೆಲ್ಲ ಕೇಳಿತು.

"ಸೂಜಿ ಹಾಕಸ್ರಿ" ಎಂದಳು. "ನಾ ನನ್ನ ಕಾಲ ಮ್ಯಾಲ ನಿಲ್ಲಬೇಕು. ಹಾಡ್ಲಿಕ್ಕ ಸಭಾದಾಗ ಮಂದಿ ಅದಾರ."

ಅವಳು ಅತ್ತದ್ದು ವಾಪಸು ಬರುವಾಗ, ಗಾಡಿಯಲ್ಲಿ. ನಾನು ಏನೂ ಬೋಧಿಸಲಿಲ್ಲ. ಕೈ ಹಿಡಿದು ಕೂತೆ.

ಈ ಬೇಸಿಗೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಎಲುಬು ಕೂಡಿದೆ ಎಂದರು ಡಾಕ್ಟರು. ಜೈನಬೀ ಒಂದು ಕಡೆ, ನಾನೊಂದು ಕಡೆ ಹಿಡಿದು ಅಂಗಳದಲ್ಲಿ ನಡೆಸಿದೆವು. ಈಗ ಹಗಲಲ್ಲಿ ಒಬ್ಬಳೇ ನಡೆಯುತ್ತಾಳೆ. ಸೂಜಿ ಮೈಯ ಸಮತೋಲವನ್ನೂ ಕೆಡಿಸಿದೆ, ಕತ್ತಲಾದರೆ ಓಲಾಡುತ್ತಾಳೆ. ಹತ್ತಿರ ಹೋಗಿ ಗಟ್ಟಿಯಾಗಿ ಮಾತಾಡಿದರಷ್ಟೇ ಕೇಳುತ್ತದೆ.

ಕಳೆದ ಭಾನುವಾರ, ದೇವರು ಮಾಡಿದ ಉಪಕಾರಕ್ಕೆ ಸಭೆಯ ಮುಂದೆ ಸಾಕ್ಷಿ ಹೇಳಲು ಪಾಸ್ಟರ್ ಅಯ್ಯನವರು ನನ್ನನ್ನು ಕರೆದರು. ಪೂರ್ತಿ ವಾಸಿಯಾಯಿತು ಎಂದು ಹೇಳಿದರೆ ಸಭೆಯ ವಿಶ್ವಾಸ ಬೆಳೆಯುತ್ತದೆ ಎಂದು ಹಿರಿಯರೊಬ್ಬರು ಮೊದಲೇ ಸೂಚಿಸಿದ್ದರು. ಅದನ್ನು ಸುವಾರ್ತಮ್ಮನಿಗೆ ಹೇಳಿದ್ದೆ. "ಆದದ್ದು ಅಷ್ಟೇ ಹೇಳ್ರಿ. ದೇವರಿಗಿ ನಮ್ಮ ಸುಳ್ಳಿನ ಆಸರ ಬೇಕಿಲ್ಲ" ಎಂದಿದ್ದಳು.

ಆದದ್ದನ್ನೇ ಹೇಳಿದೆ. ಕಾಲು ಉಳಿದವು, ಕಿವಿ ಹೋದವು. ಡಾಕ್ಟರು ದಾರಿ ತೋರಿಸಿದರು, ಕಂಪೌಂಡರ್ ಬಿಸಿಲೆನ್ನದೆ ಬಂದು ಸೂಜಿ ಹಾಕಿದರು. ಜೈನಬೀ ಆಪಾ ಹೊರಳಿಸಿದರು, ತೊಳೆದರು. ಇವರೆಲ್ಲರಿಗಾಗಿ ದೇವರಿಗೆ ಸ್ತೋತ್ರ ಎಂದು ಕೂತೆ. ಅಷ್ಟು ಚಿಕ್ಕದಾಗಿ ನಾನು ಎಂದೂ ಮಾತಾಡಿರಲಿಲ್ಲ.

ಹೊಸದಾಗಿ ಮದುವೆಯಾಗಿ ಬಂದ ಸಲೋಮಿ ಕಡೆಯ ಕೀರ್ತನೆ ಎತ್ತಿಕೊಂಡಳು. ಎದುರು ಬೆಂಚಿನಲ್ಲಿದ್ದ ಸುವಾರ್ತಮ್ಮನಿಗೆ ಅದು ಶುರುವಾದದ್ದೇ ತಿಳಿಯಲಿಲ್ಲ. ಪಕ್ಕದವರ ತುಟಿ ನೋಡಿ ತಾನೂ ಕೂಡಿಕೊಂಡಳು, ಒಂದು ಸಾಲು ಹಿಂದೆ. ಶ್ರುತಿ ಎಲ್ಲೋ ಇತ್ತು. ಸಭೆಯ ಹಾಡು ಮುಗಿಯಿತು. ಅವಳದು ಇನ್ನೂ ಒಂದು ಸಾಲು ಉಳಿದಿತ್ತು. ಕಣ್ಣು ಮುಚ್ಚಿ, ಬೆಂಚು ಗಟ್ಟಿಯಾಗಿ ಹಿಡಿದು ಹಾಡುತ್ತಿದ್ದಳು.

ಯಾರೂ ಕದಲಲಿಲ್ಲ. ಆಶೀರ್ವಾದಕ್ಕೆ ಕೈ ಎತ್ತಿದ್ದ ಪಾಸ್ಟರ್ ಅಯ್ಯನವರು, ಎತ್ತಿದ ಕೈ ಹಾಗೇ ಹಿಡಿದು, ಅವಳು ಮುಗಿಸುವವರೆಗೆ ಕಾದರು.